ಅಕ್ಕನ ಅಂಗಡಿಯ ಫೋನ್ ನಂಬರ್

ಭಾವನವರಿಗೆ ನಮಸ್ಕಾರ.

ಅಕ್ಕನ ಹೊಲಿಗೆ ಅಂಗಡಿಗೆ ವೆಬ್‌ಸೈಟ್ ಮಾಡಿಕೊಡಲು ಹೋಗಿ, ಈ ಪರದೇಶದಲ್ಲಿ ನಾನು ಕಳೆದುಕೊಂಡದ್ದು ಇಷ್ಟು: ನನ್ನ ಭಾನುವಾರಗಳು, ರೂಮಿನಲ್ಲಿ ಜೊತೆಗಿರುವವನ ಸ್ನೇಹ, ಆಫೀಸಿನಲ್ಲಿ ತೂಕಡಿಸಿ ಹೋದ ಮರ್ಯಾದೆ. ಇದೇ ಕೆಲಸವನ್ನು ಬೇರೆಯವರಿಗೆ ಮಾಡಿ ಬಾಡಿಗೆ ಕಟ್ಟುತ್ತೇನೆ, ಮನೆಯವರಿಗೆ ಮಾಡಿ ಬೈಸಿಕೊಳ್ಳುತ್ತೇನೆ.

ಮೊದಲ ಪುಟದಲ್ಲಿ ಅಕ್ಕ ಹೊಲಿದ ಬಟ್ಟೆಗಳಿದ್ದವು. ನೀವು ಅಲ್ಲಿ ನಿಮ್ಮ ಫೋಟೋ ಹಾಕಿಸಿದಿರಿ, ಆಮೇಲೆ ಅದನ್ನು ದೊಡ್ಡದು ಮಾಡಿಸಿದಿರಿ. ಈಗ ಮೊಬೈಲಿನಲ್ಲಿ ತೆರೆದರೆ ನಿಮ್ಮ ಮೀಸೆ ದಾಟಿದ ಮೇಲೆಯೇ ಬಟ್ಟೆ ಕಾಣುವುದು. ಅದನ್ನೂ ಸಹಿಸಿಕೊಂಡೆ. "ಗಂಡಸಿನ ನಂಬರ್ ಇದ್ರೆ ಜನ ನಂಬ್ತಾರೆ ಕಣಯ್ಯಾ" ಎಂದು ಅಕ್ಕನ ನಂಬರ್ ತೆಗೆಸಿ ನಿಮ್ಮದನ್ನು ಹಾಕಿಸಿದಿರಿ.

ಮೊನ್ನೆ ಅಕ್ಕ ಫೋನಿನಲ್ಲಿ, "ಒಬ್ರೂ ಕರೆ ಮಾಡ್ಲಿಲ್ಲ ಕಣೋ. ನನ್ನ ಹೊಲಿಗೆ ಯಾರಿಗೂ ಬೇಡ ಅನ್ಸತ್ತೆ. ಮಷಿನ್ ಮಾರಿಬಿಡ್ಲಾ?" ಎಂದಳು. ಸೈಟಿನಲ್ಲೇ ಏನೋ ಕೆಟ್ಟಿರಬೇಕೆಂದು ನಾನು ಗೆಳೆಯನ ಫೋನಿನಿಂದ ಸೈಟಿನಲ್ಲಿದ್ದ ನಿಮ್ಮ ನಂಬರಿಗೆ ಕರೆ ಮಾಡಿ, "ಬಟ್ಟೆ ಹೊಲಿಸ್ಬೇಕಿತ್ತು" ಎಂದೆ.

"ದಿನಾ ಮಧ್ಯಾಹ್ನ ಇದೇ ಗೋಳು! ಮಲಗೋಕೂ ಬಿಡಲ್ಲ! ರಾಂಗ್ ನಂಬರ್ ರೀ, ಇಡಿ!"

ನೀವು ಹಾಗೆ ಬೈದದ್ದು ನನಗೇ, ಭಾವ.

ಸೈಟಿನಲ್ಲಿ ಅಕ್ಕನ ನಂಬರ್ ಮತ್ತೆ ಹಾಕಿದ್ದೇನೆ. ನಿಮ್ಮ ಫೋಟೋ ಮುಟ್ಟಿಲ್ಲ. ಇವತ್ತು ಬೆಳಿಗ್ಗೆಯೇ ಗಿರಾಕಿಗಳ ಕರೆ ಬಂತಂತೆ. ಅಕ್ಕ ಮಷಿನ್ ಮಾರುವ ಮಾತು ಬಿಟ್ಟಿದ್ದಾಳೆ. ಇಷ್ಟು ದಿನವೂ ಜನ ಅವಳನ್ನು ಕೇಳುತ್ತಲೇ ಇದ್ದರು ಎಂಬುದನ್ನು ಮಾತ್ರ ನೀವೇ ಅವಳಿಗೆ ಹೇಳಿ. ನಾನು ಹೇಳಿಲ್ಲ.

ಒಟ್ಟಿನಲ್ಲಿ ನಿಮಗೆ ಮಧ್ಯಾಹ್ನದ ನಿದ್ದೆ ಸಿಕ್ಕಿತು, ಅಕ್ಕನಿಗೆ ಅವಳ ಗಿರಾಕಿಗಳು ಸಿಕ್ಕರು, ನನಗೆ ನಿಮ್ಮ ಬೈಗುಳ ಸಿಕ್ಕಿತು.

ಇಂತಿ,
ನಿಮ್ಮ ಭಾವಮೈದ