ನಿನ್ನ ಪರವಾಗಿ ಅಡ್ಡಬೀಳುವುದು

ಹಗರಿಬೊಮ್ಮನಹಳ್ಳಿ, ೧೭ ನವೆಂಬರ್ ೨೦೨೪, ಭಾನುವಾರ ಸಂಜೆ. ಮನೆಯಲ್ಲಿ ಒಬ್ಬನೇ ಇದ್ದೇನೆ. ನಾಳೆ ಬೆಳಿಗ್ಗೆ ನಮ್ಮೂರಿನಲ್ಲಿ ದೈವದ ಪಂಚಾಯಿತಿ ಸೇರುತ್ತದೆ.

ಪ್ರೀತಿಯ ಶಿವಗಂಗಕ್ಕನಿಗೆ,

ಹಾಲೇಶಪ್ಪ ಮಾವ ಈಗಷ್ಟೇ ಬಂದು ಹೋದರು. ದೈವದಲ್ಲಿ ಕೂರುವ ಊರ ಹಿರಿಯರೆಲ್ಲ ಸೇರಿ ಅವರನ್ನು ಕಳಿಸಿದ್ದರಂತೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಸಂಕೋಚಪಡುತ್ತಿದ್ದರು.

"ನಿಮ್ಮಕ್ಕ ದೈವದ ಮುಂದ ಬರಂಗಿಲ್ಲ ಅಂತ ಹೇಳಿ ಕಳಿಸ್ಯಾಳ. ಹೋಗ್ಲಿ ಬಿಡು. ಆಕಿ ಪರವಾಗಿ ನೀನ ಒಂದು ಸಲ ಅಡ್ಡಬೀಳೋ ತಮ್ಮಾ, ಮುಗದ್ ಹೋಕ್ಕೈತಿ. ಯಾರ ಮೈ ಬಗ್ಗಿದ್ರೇನು, ಮನಿತನ ಒಂದ ಅಲ್ಲನು?"

"ಇದ್ರಾಗ ಯಾರಿಗೆ ಏನು ನಷ್ಟ ಆತು ಮಾವ?" ಎಂದು ಕೇಳಿದೆ.

"ಊರ ಮಾನ ಹೋತಲ್ಲೋ."

"ಊರಾಗ ಯಾರ ಮಾನ? ಒಬ್ಬರ ಹೆಸರು ಹೇಳ್ರಿ."

ಅವರು ಚಹಾ ಬಟ್ಟಲು ಕೆಳಗಿಟ್ಟರು. "ನೀ ಸುಮ್ಮನ ಓದಿ ಓದಿ ಕೆಟ್ಟಿ" ಎಂದು ನಕ್ಕರು. ನಾನೂ ನಕ್ಕೆ. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ನ್ಯಾಯಾಧೀಶ ಎಷ್ಟೇ ಕೆಟ್ಟವನಿರಲಿ, ದೂರು ಯಾರದು ಎಂದು ಮೊದಲು ಕೇಳುತ್ತಾನೆ. ಇಲ್ಲಿ ದೂರುದಾರನೇ ಇಲ್ಲ, ತೀರ್ಪು ಮಾತ್ರ ಇದೆ.

ಭಾವ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನು ಒಬ್ಬಳೇ ನಡೆಸಿದವಳು ನೀನು. ಗಿರಣಿಯ ಮೋಟಾರು ರಿಪೇರಿಗೆ ಬರುವ ಹನುಮಣ್ಣನ ಬೈಕಿನಲ್ಲಿ ಒಂದು ದಿನ ಬಾಗಳಿಗೆ ಹೋದೆ. ಗುಡಿ ನೋಡಿ, ಹೊರಗೆ ಮರದ ನೆರಳಿನಲ್ಲಿ ಕೂತು ಇಬ್ಬರೂ ಮಂಡಕ್ಕಿ ಮಿರ್ಚಿ ತಿಂದಿರಿ. ಯಾರೋ ಹಿಂದಿನಿಂದ ವಿಡಿಯೊ ತೆಗೆದರು. ಮೊಬೈಲಿನ ಸುದ್ದಿ ಚಾನೆಲ್ಲೊಂದು ಅದಕ್ಕೆ ಸಂಗೀತ ಸೇರಿಸಿ, 'ದೇವರ ಸನ್ನಿಧಿಯಲ್ಲಿ ಇದೆಂಥ ಸಲ್ಲಾಪ?' ಎಂದು ಬರೆದು ಹರಿಬಿಟ್ಟಿತು. ನಾನು ನೋಡಿ ಹಲ್ಲು ಕಚ್ಚಿ ಕೂತಿದ್ದಾಗ ನಿನ್ನ ಫೋನು ಬಂತು. "ಅರುಣಾ, ಸೀರಿ ಅಂಚು ಎಷ್ಟು ಚಂದ ಬಂದೈತಿ ನೋಡ್ಲೇ! ಮದುವಿ ಫೋಟೊದಾಗೂ ಹಿಂಗ ಬಂದಿಲ್ಲ."

ಪೊಲೀಸರಿಗೆ ಹೇಳಿ ಆ ಚಾನೆಲ್ ಮುಚ್ಚಿಸುತ್ತೇನೆ ಎಂದೆ. ನೀನು ಬೈದೆ. "ಅವ್ರ ಬಾಯಿ ಮುಚ್ಚಸಾಕ ನೀ ಯಾರು? ಏನರ ಒದರ್ಲಿ. ನಾ ಯಾರ ಗಾಡಿ ಮ್ಯಾಲ ಕುಂದ್ರಬೇಕು ಅನ್ನೋದು ಮಾತ್ರ ನಂದು." ಕೇಳದೆ ಒಬ್ಬರ ಚಿತ್ರ ತೆಗೆಯುವುದು ಕಳ್ಳತನವೆಂದೇ ನನಗೆ ಇಂದಿಗೂ ಅನಿಸುತ್ತದೆ; ಈ ಒಂದು ವಿಷಯದಲ್ಲಿ ನಿನ್ನಷ್ಟು ಧಾರಾಳ ನನಗಿಲ್ಲ. ಆದರೆ ಚಾನೆಲ್ಲಿನವರು ಬರಿ ಮಾತಾಡಿದರು. ದೈವ ನಿನ್ನ ಬದುಕಿಗೇ ಕೈ ಹಾಕುತ್ತಿದೆ. ಎರಡೂ ಒಂದೇ ಅಲ್ಲ ಎಂದು ನನಗೆ ತಿಳಿಸಿಕೊಟ್ಟವಳು ನೀನೇ.

ಹೋಗುವಾಗ ಮಾವ ಇನ್ನೊಂದು ಮಾತು ಹೇಳಿದರು. ಬಹಿಷ್ಕಾರ ಎಂಬ ಶಬ್ದವನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಕಾನೂನಿದೆ. ಅಡ್ಡಬೀಳದಿದ್ದರೆ ಜನ ತಾವಾಗಿ ಜೋಳವನ್ನು ಪಕ್ಕದ ಅರಸೀಕೆರೆಗೆ ಒಯ್ದು ಬೀಸಿಸಿಕೊಳ್ಳುತ್ತಾರೆ, ಅಷ್ಟೇ. ಎಲ್ಲಿ ಬೇಕಾದರೂ ಬೀಸಿಸುವ ಹಕ್ಕು ಅವರಿಗಿದೆ, ನಿಜ. ಆದರೆ ಒಬ್ಬೊಬ್ಬರೂ ತಮ್ಮ ಮನಸ್ಸಿನಿಂದ ಬಿಡುವುದು ಬೇರೆ, ಹೆದರಿ ಬಿಡುವುದು ಬೇರೆ.

ನಿಜ ಹೇಳುತ್ತೇನೆ, ಅಡ್ಡಬಿದ್ದುಬಿಡೋಣ ಎಂದೇ ಮೊದಲು ಅನಿಸಿತು. ನೆಲಕ್ಕೆ ಹಣೆ ತಾಗಿಸಲು ಎಷ್ಟು ಹೊತ್ತು ಬೇಕು? ನಿನ್ನ ಗಿರಣಿ ಉಳಿಯುತ್ತದೆ. ಅದೇ ಪ್ರೀತಿ ಎಂದುಕೊಂಡಿದ್ದೆ. ಹಿತ್ತಲಿಗೆ ಹೋಗಿ ನಿಂತಾಗ ಹಳೆಯದೊಂದು ನೆನಪಾಯಿತು. ಹುಡುಗನಾಗಿದ್ದಾಗ ನಾನು ಬಾಗಿಲು ಹಾಕಿಕೊಂಡು ಓದುತ್ತಿದ್ದೆ. ಮನೆಗೆ ಬಂದ ನೆಂಟರು ಕರೆದರೆ ನೀನು ಹೊಸ್ತಿಲಿಗೆ ಅಡ್ಡ ನಿಂತು, "ಒಳಗದಾನ. ಅವನ ಪಾಡಿಗೆ ಅವ ಇರ್ಲಿ ಬಿಡ್ರಿ" ಎನ್ನುತ್ತಿದ್ದೆ. ಏನು ಓದುತ್ತಿದ್ದೇನೆಂದು ಒಮ್ಮೆಯೂ ಕೇಳಲಿಲ್ಲ. ಅಂಥವಳನ್ನು ಕೇಳದೆ ಅವಳದು ತಪ್ಪೆಂದು ನಾನು ಒಪ್ಪಿಕೊಂಡು ಬರುವುದು ಹೇಗೆ?

ಹನುಮಣ್ಣ ನಿನಗೆ ಯಾರು ಎಂದು ನಾನು ಕೇಳುವುದಿಲ್ಲ. ಹೇಳಬೇಕೆನಿಸಿದ ದಿನ ಹೇಳು, ಅನಿಸದಿದ್ದರೆ ಬೇಡ.

ನಾಳೆ ಮೊದಲ ಬಸ್ಸಿಗೆ ಊರಿಗೆ ಬರುತ್ತೇನೆ. ಹಿರಿಯರಿಗೆ ಕೈ ಮುಗಿಯುತ್ತೇನೆ. ಮಾವನಿಗೆ ಕೇಳಿದ್ದನ್ನೇ ಅವರೆಲ್ಲರಿಗೂ ಕೇಳುತ್ತೇನೆ. ಉತ್ತರ ಬಂದರೂ ಬರದಿದ್ದರೂ ಅಡ್ಡಬೀಳುವುದಿಲ್ಲ.

ನೀನು ನಿನ್ನಂತೆಯೇ ನೂರು ವರ್ಷ ಬಾಳು, ಅಕ್ಕ.

ನಿನ್ನ ತಮ್ಮ,
ಅರುಣಕುಮಾರ