ಅರಿಶಿನ ಮೆತ್ತಿದ ಕಾರಿನ ನೋಂದಣಿ ಶುಲ್ಕದ ಬಗ್ಗೆ

ವಾಹನಗಳ ವಯಸ್ಸು ನೋಡಿ ಶುಲ್ಕ ನಿಗದಿ ಮಾಡುವ ಮಾನ್ಯರೇ,

ನನ್ನ ದೂರು ಇಷ್ಟು. ನನ್ನ ಕಾರಿಗೆ ಹದಿನೈದು ವರ್ಷ ತುಂಬಿತು. ತುಂಬಿದ್ದೇ ತಡ, ಅದರ ನೋಂದಣಿಯನ್ನು ಇನ್ನೈದು ವರ್ಷ ಮುಂದುವರಿಸಲು ತಾವು ನನ್ನಿಂದ ಐದು ಸಾವಿರ ರೂಪಾಯಿ ಕಟ್ಟಿಸಿಕೊಂಡಿರಿ. ಅದು ಸಾಲದೆಂಬಂತೆ ತಡವಾಯಿತೆಂದು ದಂಡವನ್ನೂ ಸೇರಿಸಿದಿರಿ. ತಡ ಮಾಡಿದ್ದು ನಾನಲ್ಲ, ಅರಿಶಿನ. ಇದನ್ನು ಕೌಂಟರಿನಲ್ಲಿ ವಿವರಿಸಲು ಹೋದರೆ ಹಿಂದೆ ನಿಂತವರು "ಬೇಗ ಬೇಗ ಅಕ್ಕಾ" ಎಂದರು. ಹಾಗಾಗಿ ಇಲ್ಲಿ, ನಾಲ್ಕು ಜನರ ಮುಂದೆ, ನಿಧಾನವಾಗಿ ವಿವರಿಸುತ್ತೇನೆ. ತಾವು ಕುಳಿತುಕೊಂಡೇ ಓದಬಹುದು.

ನಾನು ದೊಡ್ಡಬಳ್ಳಾಪುರದಲ್ಲಿ ಸೀರೆಗೆ ಕುಚ್ಚು ಕಟ್ಟುವವಳು. ಮಗ್ಗದಿಂದ ಇಳಿದ ಸೀರೆಯ ಸೆರಗಿನ ತುದಿಯಲ್ಲಿ ಜೋತಾಡುವ ಎಳೆಗಳನ್ನು ಗಂಟು ಹಾಕಿ ಚೆಂದ ಮಾಡುವುದು ನನ್ನ ಕಸುಬು. ದೇವನಹಳ್ಳಿ, ಹೊಸಕೋಟೆ ಕಡೆಯ ಮದುವೆ ಮನೆಗಳಿಂದ ಸೀರೆ ತರಬೇಕು, ಮುಗಿಸಿ ಮುಟ್ಟಿಸಬೇಕು. ಇಷ್ಟು ವರ್ಷ ಸೀರೆಗಳ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲೇ ಓಡಾಡಿದೆ. ಕಾರು ಇರಲಿಲ್ಲವೇ ಎಂದು ಕೇಳುವಿರಿ. ಇತ್ತು, ನನ್ನ ಹೆಸರಿನಲ್ಲೇ ಇತ್ತು. ಹೆಂಗಸರ ಹೆಸರಿನಲ್ಲಿ ಕೊಂಡರೆ ಒಳ್ಳೆಯದಾಗುತ್ತದೆ ಎಂದು ನನ್ನ ಯಜಮಾನರು ಭೀಮರಾಜ್ ಅದನ್ನು ನನ್ನ ಹೆಸರಿಗೆ ಮಾಡಿಸಿದರು, ಇನ್ನೂ ಒಳ್ಳೆಯದಾಗಲಿ ಎಂದು ತಾವೇ ಓಡಿಸಿದರು. ನಾನು ಸ್ಟೇರಿಂಗ್ ಕಡೆ ನೋಡಿದರೂ ಸಾಕು, "ಕ್ಲಚ್ ಹಾಳಾಗ್ತದೆ ಕಣೇ" ಎನ್ನುತ್ತಿದ್ದರು. ನೋಡಿದರೆ ಕ್ಲಚ್ ಹೇಗೆ ಹಾಳಾಗುತ್ತದೆ ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಈ ವರ್ಷ ಪಕ್ಕದ ಬೀದಿಯ ನಗ್ಮಾ ಹೆಂಗಸರಿಗೆ ಡ್ರೈವಿಂಗ್ ಕಲಿಸಲು ಶುರು ಮಾಡಿದಳು. ಅವಳ ಹತ್ತಿರ ಕಲಿತು, ಒಂದೇ ಸಲಕ್ಕೆ ಲೈಸೆನ್ಸ್ ತೆಗೆದುಕೊಂಡೆ. ಮನೆಗೆ ಬಂದು ಎಲ್ಲರಿಗೂ ಮೈಸೂರುಪಾಕು ಹಂಚಿದೆ. ಆ ವಾರವೇ ನನ್ನ ಯಜಮಾನರು ಆರ್‌ಸಿ ಬಿಡಿಸಿ ನೋಡಿ, "ಮುಂದಿನ್ ತಿಂಗ್ಳು ಮುಗಿದೋಯ್ತದೆ. ಐದ್ ಸಾವ್ರ ಕೊಟ್ಟು ಈ ಡಬ್ಬಾನ ಯಾರ್ ಇಟ್ಕೊತಾರೆ? ಗುಜರಿಗೆ ಹಾಕ್ಬಿಡಾಣ" ಎಂದರು. ನಗುನಗುತ್ತಲೇ ಅಂದರು. ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ನನ್ನ ಕೈಗೆ ಲೈಸೆನ್ಸ್ ಬರುವುದಕ್ಕೂ ನನ್ನ ಕಾರು ಡಬ್ಬಾ ಆಗುವುದಕ್ಕೂ ಒಂದೇ ಮುಹೂರ್ತ ಇಟ್ಟವರು ತಾವು, ಮಾನ್ಯರೇ.

ಸರಿ, ಮೊದಲು ಈ ಶುಲ್ಕ ಏನೆಂದು ಅರ್ಥ ಮಾಡಿಕೊಳ್ಳೋಣ ಎಂದು ಕುಳಿತೆ. ಹಿಂದೆ ಆರುನೂರು ಇದ್ದದ್ದು ಐದು ಸಾವಿರ ಆಯಿತಂತೆ. ಕಾರಿಗೆ ಇಪ್ಪತ್ತು ದಾಟಿದರೆ ಅದರ ಎರಡರಷ್ಟಂತೆ. ಜೊತೆಗೆ ಹಸಿರು ತೆರಿಗೆ, ಕಾರ್ಡಿನ ದುಡ್ಡು, ತಡವಾದರೆ ತಿಂಗಳಿಗೆ ಇಷ್ಟೆಂದು ದಂಡ. ಕಾರು ಕೊಂಡಾಗಲೇ ಜೀವಾವಧಿ ತೆರಿಗೆ ಎಂದು ಒಂದೇ ಏಟಿಗೆ ಕಟ್ಟಿದ್ದೆವು. ಯಾರ ಜೀವ ಎಂದು ಆಗಲೇ ಕೇಳಬೇಕಿತ್ತು. ಹೋಗಲಿ, ಈ ಐದು ಸಾವಿರಕ್ಕೆ ತಾವು ಕಾರಿಗೆ ಏನು ಮಾಡುತ್ತೀರಿ? ಆಯಿಲ್ ಬದಲಿಸುತ್ತೀರಾ? ಗಾಳಿ ತುಂಬುತ್ತೀರಾ? ನೋಡುತ್ತೀರಿ, ಅಷ್ಟೇ. ನಮ್ಮ ಕಡೆ ಹೆಣ್ಣು ನೋಡಲು ಬಂದವರಿಗೂ ಉಪ್ಪಿಟ್ಟು ಕೇಸರಿಬಾತು ಕೊಟ್ಟರೆ ಮುಗಿಯುತ್ತದೆ. ಹಳೆಯ ಗಾಡಿ ಹೊಗೆ ಬಿಡುತ್ತದೆ, ಅದನ್ನು ತಡೆಯಬೇಕು ಎನ್ನುವಿರಾದರೆ ತಲೆಬಾಗುತ್ತೇನೆ. ಆದರೆ ನನ್ನ ಕಾರು ಹೊಗೆ ತಪಾಸಣೆಯಲ್ಲಿ ಪಾಸಾಗಿದೆ. ಭಾನುವಾರ ಬಿಟ್ಟರೆ ಅದು ಮನೆಯಿಂದ ಹೊರಗೆ ಬಂದದ್ದೇ ಕಡಿಮೆ. ನನ್ನ ಅತ್ತೆಗೆ ವಯಸ್ಸಾಯಿತೆಂದು ಸರ್ಕಾರ ಪಿಂಚಣಿ ಕೊಡುತ್ತದೆ, ಕಾರಿಗೆ ವಯಸ್ಸಾಯಿತೆಂದು ಕಿತ್ತುಕೊಳ್ಳುತ್ತದೆ. ಇನ್ನೊಂದು ಅನುಮಾನ. ಬಸ್ಸಿನಲ್ಲಿ ನನಗೆ ಟಿಕೆಟ್ಟೇ ಇಲ್ಲ, ಹೆಂಗಸಲ್ಲವೇ! ಅದೇ ಹೆಂಗಸು ತನ್ನ ಕಾರು ಹತ್ತುತ್ತೇನೆ ಎಂದರೆ ಐದು ಸಾವಿರ. ಇದರಲ್ಲೇನಾದರೂ ಸೂಚನೆ ಇದೆಯೇ? ನನ್ನ ಯಜಮಾನರೂ ತಾವೂ ಮೊದಲೇ ಮಾತಾಡಿಕೊಂಡಿದ್ದೀರಾ?

ಗುಜರಿ ಅಂಗಡಿಯ ಅನೀಸ್ ಅಹಮದ್ ಬಂದರು. ಕಾರಿನ ಸುತ್ತ ಒಂದು ಸುತ್ತು ಬಂದು, ಚಹಾ ಕುಡಿದು, ಒಂದು ಬೆಲೆ ಹೇಳಿದರು. ನನ್ನ ಯಜಮಾನರ ಮುಖ ನೋಡಬೇಕಿತ್ತು!

"ಏನ್ ಅನೀಸಣ್ಣ, ಅದ್ರಲ್ಲಿರೋ ಟೇಪ್‌ರೆಕಾರ್ಡ್‌ಗೇ ಅಷ್ಟಾಗಿತ್ತಲ್ಲೋ!"

"ಟೇಪ್ ನೀವೇ ಇಟ್ಕೊಳ್ಳಿ ಭೀಮಣ್ಣ, ನಾನು ತಗಡಿಗೆ ಹೇಳಿದ್ದು."

ಆ ಅವಮಾನ ಕೆಲಸ ಮಾಡಿತು. ಯಜಮಾನರು ತಾವೇ ಡಬ್ಬಾ ಅಂದದ್ದನ್ನು ಬೇರೆಯವರು ತಗಡು ಅಂದರೆ ಸಹಿಸುವುದು ಹೇಗೆ? "ಒಂದ್ಸಲ ಆಫೀಸಿಗೆ ತೋರ್ಸಾಣ. ಆಗ್ಲಿಲ್ಲ ಅಂದ್ರೆ ಅನೀಸಣ್ಣನಿಗೇ" ಎಂದು ನನ್ನ ಯಜಮಾನರು ಒಪ್ಪಂದ ಮಾಡಿದರು. ಶುಲ್ಕ ನನ್ನ ಕುಚ್ಚಿನ ದುಡ್ಡಿನಲ್ಲಿ ಕಟ್ಟಿದೆ. ಮೂವರೂ ಹೊರಟೆವು: ಓಡಿಸಲು ಅವರು, ಪಕ್ಕದಲ್ಲಿ ನಾನು, ಹಿಂದೆ ಅತ್ತೆ ಮುನಿವೆಂಕಟಮ್ಮ.

ತಮ್ಮ ಇನ್ಸ್‌ಪೆಕ್ಟರು ಒಳ್ಳೆಯವರು. ಬಾನೆಟ್ ತೆಗೆಸಿ, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಕಾಗದದ ಮೇಲೆ ಅಂಕಿಗಳು ಮೂಡಬೇಕು. ಮೂಡಿದ್ದು ಒಂದು ದೊಡ್ಡ ಬೋಂಡ. ಬಗ್ಗಿ ನೋಡಿದರೆ ನಂಬರಿನ ಜಾಗದಲ್ಲಿ ಹಳದಿ ಕೆಂಪು ಗುಡ್ಡವೊಂದು ಎದ್ದಿತ್ತು.

"ಏನಮ್ಮಾ ಇದು, ಬೋಂಡ?"

"ಪೂಜೆ ಸ್ವಾಮಿ" ಎಂದರು ಅತ್ತೆ, ಹಿಂದಿನ ಸೀಟಿನಿಂದಲೇ.

ಕಾರು ಮನೆಗೆ ಬಂದ ದಿನ ಷೋರೂಮಿನ ಹುಡುಗನೊಬ್ಬ ಆ ನಂಬರು ತೋರಿಸಿ, ಅಮ್ಮಾ, ಇದೇ ಗಾಡಿಯ ಜಾತಕ ಎಂದಿದ್ದನಂತೆ. ಅಂದಿನಿಂದ ಪ್ರತಿ ಶುಕ್ರವಾರ ಅತ್ತೆ ನೇರವಾಗಿ ಅದಕ್ಕೇ ಅರಿಶಿನ, ಕುಂಕುಮ, ಗಂಧ ಹಚ್ಚುತ್ತಿದ್ದರು. ಆಯುಧಪೂಜೆಗೆ ಮೇಲೆ ಒಂದಿಷ್ಟು ಎಳ್ಳೆಣ್ಣೆ. ಇಂಜಿನ್ನಿನ ಶಾಖಕ್ಕೆ ಅದೆಲ್ಲ ಬೆಂದು ಇಟ್ಟಿಗೆಯಾಗಿತ್ತು. "ಅದ್ರ ಜಾತ್ಕ ಕಣವ್ವ ಅದು. ಅದಕ್ಕೆ ಮಾಡ್ದೆ ಟೈರಿಗೆ ಮಾಡ್ಲಾ ಪೂಜೆ?" ಎಂದು ನನ್ನನ್ನೇ ಗದರಿದರು.

"ನಂಬರ್ ಇಲ್ಲ ಅಂದ್ರೆ ಗಾಡಿ ಇಲ್ಲ ಅಂತ ಲೆಕ್ಕ ಅಮ್ಮಾ" ಎಂದರು ಇನ್ಸ್‌ಪೆಕ್ಟರು. "ದೇವ್ರಿದೆ ಅಂತ ಬರ್ಕೊಳಕ್ಕೆ ಸಿಸ್ಟಮ್ಮಲ್ಲಿ ಜಾಗ ಇಲ್ಲ." ಚಾಕುವಿನಿಂದ ಕೆರೆಯಲು ಅಲ್ಲೇ ಒಬ್ಬರು ಮುಂದೆ ಬಂದರು. ಅತ್ತೆ ಕೆಳಗಿಳಿದು ಕಾರಿಗೂ ಅವರಿಗೂ ಮಧ್ಯೆ ನಿಂತುಬಿಟ್ಟರು. ವಾಪಸ್ ಬಂದೆವು. ಮುಂದಿನ ತಪಾಸಣೆಗೆ ದಿನ ಸಿಗುವಷ್ಟರಲ್ಲಿ ನೋಂದಣಿಯ ಗಡುವು ಮುಗಿದಿತ್ತು. ತಮ್ಮ ದಂಡ ಹುಟ್ಟಿದ್ದು ಹೀಗೆ.

ದಾರಿಯುದ್ದಕ್ಕೂ ನನ್ನ ಯಜಮಾನರು ಒಪ್ಪಂದ ನೆನಪಿಸಿದರು. "ಫೇಲ್ ಆಯ್ತಲ್ಲ." ಫೇಲ್ ಎಲ್ಲಿ ಆಯಿತು, ಅದು ಇದೆಯೋ ಇಲ್ಲವೋ ಎಂಬುದೇ ಗೊತ್ತಾಗಿಲ್ಲ ಎಂದು ನಾನು ವಾದಿಸಿದೆ. ನನಗೆ ಅಳು ಬರುವಂತಿತ್ತು, ಆದರೆ ಹಿಂದಿನ ಸೀಟಿನಿಂದ ಅತ್ತೆ "ಬೋಂಡ ಅಂತೆ, ಬೋಂಡ" ಎಂದು ಗೊಣಗುತ್ತಿದ್ದರೆ ಅಳುವುದಾದರೂ ಹೇಗೆ? ಮೂವರಿಗೂ ನಗು ತಡೆಯಲಾಗದೆ ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಸ್ನಾನ ಮುಗಿಸಿ, ದೀಪ ಹಚ್ಚಿ, ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದರು. ಕೈಯಲ್ಲಿ ಹುಣಸೆಹಣ್ಣು, ತೆಂಗಿನ ನಾರು. ಹಿತ್ತಾಳೆ ಬಿಂದಿಗೆ ಬೆಳಗಿದಂತೆ ಬೆಳಗುತ್ತಿದ್ದರು. ಪೂಜೆ ಮಾಡಿದ ಕೈಯೇ ತೆಗೆಯಬೇಕಂತೆ, ಬೇರೆಯವರು ಮುಟ್ಟಬಾರದಂತೆ. ಒಂದೊಂದೇ ಅಂಕಿ ಹೊರಬಂದಾಗ ಬೀದಿಯ ಹೆಂಗಸರು ಹೋ ಎಂದು ಕೂಗಿದರು. ಮಗ್ಗ ನಿಲ್ಲಿಸಿ ಬಂದವರೂ ಇದ್ದರು. ಆ ನೀರನ್ನು ತುಳಸಿಗೆ ಹಾಕಲು ಹೊರಟದ್ದನ್ನು ಮಾತ್ರ ನಾನು ತಡೆದೆ. ಅದರಲ್ಲಿ ಅರ್ಧ ಗ್ರೀಸ್ ಇತ್ತು.

ಎರಡನೇ ಸಲ ಹೋದಾಗ ನಂಬರು ಕಾಗದದ ಮೇಲೆ ಮುತ್ತಿನಂತೆ ಮೂಡಿತು. ಇನ್ಸ್‌ಪೆಕ್ಟರು ದೀಪ, ಹಾರನ್, ಟೈರು ಎಲ್ಲ ನೋಡಿ, "ಒಂದ್ ರೌಂಡ್ ಓಡ್ಸಿ ಸಾರ್, ಬ್ರೇಕ್ ನೋಡ್ಬೇಕು" ಎಂದು ನನ್ನ ಯಜಮಾನರ ಕಡೆ ತಿರುಗಿದರು. ಕೀ ಅವರ ಕೈಯಲ್ಲೇ ಇತ್ತು. ಅವರು ಕೀ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ, "ಓನರ್ ಅವ್ರು ಸಾರ್" ಎಂದು ಕೀಯನ್ನು ನನ್ನ ಕೈಗೆ ಹಾಕಿದರು.

ಹದಿನೈದು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಹತ್ತಿ ಕುಳಿತು ಕ್ಲಚ್ ಬಿಟ್ಟೆ, ಕಾರು ಒಂದು ಸಲ ನಡುಗಿ ನಿಂತಿತು. ಮತ್ತೆ ಶುರು ಮಾಡಿದೆ. ಇಳಿಯಲು ಒಪ್ಪದ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಆ ಬಯಲಿನಲ್ಲಿ ಒಂದು ಸುತ್ತು ಹೊಡೆದೆ. ಇನ್ಸ್‌ಪೆಕ್ಟರು ಕೈ ಎತ್ತಿ ಸಾಕು ಎಂದರು. ನನಗೆ ಸಾಕಾಗಿರಲಿಲ್ಲ, ಇನ್ನೊಂದು ಸುತ್ತು ಹೊಡೆದೆ. ಅದಕ್ಕೆ ಬೇಕಾದರೆ ಬೇರೆ ಶುಲ್ಕ ಹಾಕಿ, ಗೊಣಗದೆ ಕಟ್ಟುತ್ತೇನೆ. ಬ್ರೇಕ್ ಹಾಕಿದಾಗ ಅತ್ತೆ ಮುಂದಿನ ಸೀಟಿಗೆ ಹಣೆ ಹೊಡೆದುಕೊಂಡು, "ಚೆನ್ನಾಗ್ ಹಿಡೀತದೆ ಸ್ವಾಮಿ, ಪಾಸ್ ಮಾಡಿ" ಎಂದರು. ಮಾಡಿದರು.

ಈಗ ನನ್ನ ಬೇಡಿಕೆ. ದಂಡವನ್ನು ವಾಪಸ್ ಕೊಡಿ. ನಾನು ಗಡುವಿನೊಳಗೇ ಬಂದಿದ್ದೆ, ನನ್ನ ಕಾರೂ ಬಂದಿತ್ತು. ಹಾಗೆಯೇ ಆರುನೂರು ಐದು ಸಾವಿರವಾದದ್ದು ಏತಕ್ಕೆ, ಅದರಲ್ಲಿ ನೋಡುವುದಕ್ಕೆಷ್ಟು, ಬರೆಯುವುದಕ್ಕೆಷ್ಟು ಎಂದು ತಮ್ಮ ಕಚೇರಿಗಳ ಗೋಡೆಯ ಮೇಲೆ ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆಸಿ. ವಯಸ್ಸಾದ ಗಾಡಿಗೆ ದುಡ್ಡು ಜಾಸ್ತಿ ಎಂದರೆ ಅದನ್ನು ಗುಜರಿಗೆ ಹಾಕುವ ಮಾತು ಮೊದಲು ಏಳುವುದು ಯಾರ ಮನೆಯಲ್ಲಿ, ಹೊಸದು ಕೊಳ್ಳಲಾಗದೆ ಕೈ ಕಟ್ಟಿ ಕೂರುವವರು ಯಾರು ಎಂದು ಒಮ್ಮೆ ಯೋಚಿಸಿ. ನನ್ನಂತೆ ಹೆಸರಿಗೆ ಮಾತ್ರ ಮಾಲೀಕರಾದ ಹೆಂಗಸರು ಈ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆಂದು ತಮ್ಮ ಕಂಪ್ಯೂಟರಿಗೆ ಗೊತ್ತಿರುತ್ತದೆ. ಅವರೂ ಈಗ ಡ್ರೈವಿಂಗ್ ಕಲಿಯುತ್ತಿದ್ದಾರೆ, ಮಾನ್ಯರೇ. ನಗ್ಮಾಳ ಕ್ಲಾಸಿನಲ್ಲಿ ಜಾಗ ಸಿಗುತ್ತಿಲ್ಲ.

ಇಂತಿ,
ಇಷ್ಟು ವರ್ಷ ಕಾಗದದ ಮೇಲಷ್ಟೇ ಮಾಲೀಕಳಾಗಿದ್ದು,
ಈಗ ಹೊಸ ಕಾಗದ ಕೈಗೆ ಬರುವ ಮೊದಲೇ ಮಾಲೀಕಳಾಗಿಬಿಟ್ಟಿರುವ
ಶಿಲ್ಪ ಭೀಮರಾಜ್
ದೊಡ್ಡಬಳ್ಳಾಪುರ