ಐವತ್ತು ದಾಟಿದ ಮುಳ್ಳು

ಸೋಮವಾರ, ತಾರೀಖು ಹದಿನಾಲ್ಕು

ನನ್ನ ಮಗಳ ಅಪ್ಪನವರಿಗೆ,

ನಾವಿಬ್ಬರೂ ಕ್ಷೇಮ. ನೀವು ನಿಮ್ಮ ತಂಗಿಯ ಕೈಲಿ ಬರೆಸಿದ ಪತ್ರ ತಲುಪಿತು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿದೆ, ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಎಲ್ಲರಿಗೂ ಹೇಳಿದ್ದೀರಂತೆ. ಅದು ನನ್ನ ಸುಳ್ಳು ಕಣ್ರೀ. ಒಂಬತ್ತು ವರ್ಷ ಹೇಳಿ ಹೇಳಿ ಸವೆಸಿದ್ದೇನೆ. ಇನ್ನು ನೀವೇ ಇಟ್ಟುಕೊಳ್ಳಿ.

ನೀನು ಬರದಿದ್ದರೂ ಮಗಳನ್ನಾದರೂ ಕಳಿಸು ಎಂದಿದ್ದೀರಿ. ಕಳಿಸುವುದಿಲ್ಲ. ಇಷ್ಟು ವರ್ಷ ಇಲ್ಲದ್ದು ಆ ದಿನ ನಿನಗೇನು ಬಡಿದಿತ್ತು ಎಂದೂ ಕೇಳಿದ್ದೀರಿ.

ಮನೆಯ ಮುಂದಿನ ಕೋಣೆಯಲ್ಲಿ ಕಾಯಿಲೆ ಅಳೆಯುವ ನಿಮ್ಮ ಆ ಯಂತ್ರ. ರೋಗಿ ಒಂದು ಕೈಯಲ್ಲಿ ಹಿತ್ತಾಳೆ ಕೋಲು ಹಿಡಿಯಬೇಕು. ಇನ್ನೊಂದು ಕೈಯ ಉಗುರಿನ ಪಕ್ಕದ ಬಿಂದುವಿಗೆ ನೀವು ತಂತಿ ಕಟ್ಟಿದ ಕಡ್ಡಿಯ ಮೊನೆ ಒತ್ತುತ್ತಿದ್ದಿರಿ. ಸಣ್ಣ ಕರೆಂಟು ಹರಿದು ಯಂತ್ರದ ಅಂಕಿಗಳ ಮೇಲೆ ಮುಳ್ಳು ಏಳುತ್ತಿತ್ತು. ಐವತ್ತಕ್ಕೆ ನಿಂತರೆ ಆರೋಗ್ಯ, ದಾಟಿದರೆ ಕಾಯಿಲೆ. ಊರಿಗೆಲ್ಲ ನೀವು ಮುಳ್ಳಿನ ಡಾಕ್ಟರು. ಅಷ್ಟಕ್ಕೇ ಬಿಡಲಿಲ್ಲ. ಪ್ರತಿ ಬೆಳಗ್ಗೆ ಮೊದಲ ರೋಗಿಗಿಂತ ಮುಂಚೆ ನನ್ನನ್ನು ಕೂರಿಸುತ್ತಿದ್ದಿರಿ. ಕಿರುಬೆರಳು ಹೃದಯದ ಬಿಂದುವಂತೆ. ಐವತ್ತು ದಾಟಿದರೆ, "ಏನೋ ಮುಚ್ಚಿಡ್ತಿದ್ದೀಯ, ಹೇಳು" ಎನ್ನುತ್ತಿದ್ದಿರಿ. ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಆಮೇಲೆ ಬೆಲ್ಟು. ಎಪ್ಪತ್ತಕ್ಕೆ ಎರಡು ಹಲ್ಲು ಹೋದವು. ತೊಂಬತ್ತಕ್ಕೆ ಬಲಗಿವಿ ಹೋಯಿತು. ನಾನೊಬ್ಬ ಪೆದ್ದಿ, ಯಂತ್ರಕ್ಕೇನು ದ್ವೇಷ, ನನ್ನೊಳಗೇ ಏನೋ ಕೊಳೆತಿದೆ ಎಂದು ನಂಬಿದ್ದೆ.

ಹೋದ ತಿಂಗಳು ನೀವಿಲ್ಲದಾಗ ಬಟ್ಟೆ ಹೊಲಿಯುವ ಅಜ್ಜಿ ಬಂದರು. ಕಾಯಿಸುವುದೇಕೆ ಎಂದು ನಾನೇ ಕಡ್ಡಿ ಹಿಡಿದೆ. ಮೆಲ್ಲಗೆ ಮುಟ್ಟಿದೆ, ನಲವತ್ತು. ಅವರು ಕೈ ಎಳೆದುಕೊಂಡರೆಂದು ಗಟ್ಟಿಯಾಗಿ ಒತ್ತಿದೆ, ಎಂಬತ್ತೈದು. ಅದೇ ಅಜ್ಜಿ, ಅದೇ ಬೆರಳು. ಐದು ಸಲ ಮಾಡಿ ನೋಡಿದೆ. "ಏನಮ್ಮ, ಬೆರಳು ತೂತು ಮಾಡ್ತೀಯಾ" ಎಂದು ನಕ್ಕರು. ನಾನು ಕಡ್ಡಿ ಕೆಳಗಿಟ್ಟೆ. ಮುಳ್ಳು ಏಳುತ್ತಿದ್ದುದು ನಿಮ್ಮ ಕೈಯ ಭಾರಕ್ಕೆ. ಸಿಟ್ಟು ಬಂದ ದಿನ ನೀವು ಗಟ್ಟಿಯಾಗಿ ಒತ್ತುತ್ತಿದ್ದಿರಿ. ಒಂಬತ್ತು ವರ್ಷ ಯಂತ್ರ ಅಳೆದದ್ದು ನಿಮ್ಮ ಸಿಟ್ಟನ್ನು, ಏಟು ತಿಂದವಳು ನಾನು.

ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ. ಎಲ್ಲಿಗೆ ಹೋಗಲಿ ಎಂಬ ಭಯ. ಕಡ್ಡಿ ಒತ್ತಿ ಬೆರಳ ತುದಿಯಲ್ಲಿ ಬಿದ್ದ ನೀಲಿ ಗುರುತಿಗೆ ಎಣ್ಣೆ ಹಚ್ಚಿಕೊಂಡು ದಿನಾ ಬಂದು ಕೂರುತ್ತಿದ್ದೆ.

ಆ ಬೆಳಗ್ಗೆ ನೀವು ನನ್ನ ಕಿರುಬೆರಳು ಎಳೆದಾಗ ಹಿತ್ತಾಳೆ ಕೋಲು ನನ್ನ ಇನ್ನೊಂದು ಕೈಯಲ್ಲೇ ಇತ್ತು. ಬೀಸಿದೆ. ಮೂಳೆ ಮುರಿದದ್ದು ಒಂದೇ ಕಿವಿಗೆ ಕೇಳಿಸಿದರೂ ಚೆನ್ನಾಗಿ ಕೇಳಿಸಿತು. ಮತ್ತೊಮ್ಮೆ ಬೀಸಿದೆ. ಎರಡನೆಯದಕ್ಕೆ ಕ್ಷಮೆ ಕೇಳೋಣ ಎಂದು ಕೂತೆ, ಪೆನ್ನು ಓಡಲಿಲ್ಲ.

ಇಷ್ಟೇ,
ನಿಮ್ಮ ಮಗಳ ತಾಯಿ

ತಾ.ಕ.: ಆ ದಿನ ಏನಾಗಿತ್ತು ಎಂಬುದಕ್ಕೆ ಉತ್ತರ ಬರೆಯಲೇ ಇಲ್ಲ. ನೀವು ಕರೆಯುವ ಮುಂಚೆ ಮಗಳ ಉಗುರು ಕತ್ತರಿಸಲು ಕೂತಿದ್ದೆ. ಕಿರುಬೆರಳಿನ ತುದಿಯಲ್ಲಿ ದುಂಡನೆಯ ನೀಲಿ ಗುರುತು. ಇದೇನೇ ಎಂದೆ. "ಎಂಬತ್ತು ಬಂತಮ್ಮ. ಇನ್ಮೇಲೆ ಒಳ್ಳೇಳಾಗಿರ್ತೀನಿ" ಎಂದಳು.